ಮೂರನೇ ಕರೆ

ಬೆಟ್ಟಕ್ಕೆ ಹೋಗುವ ಯೋಜನೆ ಪೂರ್ತಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕೈಸೇರಿಯಲ್ಲಿ ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು. ಕತ್ತೆಗೆ ಬಣ್ಣ ಬಳಿದು ಅದರ ಯಜಮಾನನಿಗೇ ಮಾರಿದ ಊರು ಎಂದು ಇಡೀ ತುರ್ಕಿ ದೇಶ ನಮ್ಮನ್ನು ನೋಡಿ ನಗುತ್ತದೆ. ನಗಲಿ. ಕತ್ತೆ ಮಾರಿದವನು ಯಾರೋ ನನಗೆ ಗೊತ್ತಿಲ್ಲ, ಕೊಂಡುಕೊಂಡ ಯಜಮಾನನ ವಂಶದಲ್ಲಿ ಮಾತ್ರ ನಾನು ಹುಟ್ಟಿರಬೇಕು.

ಎರ್ಜಿಯೆಸ್ ಬೆಟ್ಟದ ಮೇಲೆ, ಸ್ಕೀ ಹಲಗೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ, ಇಪ್ಪತ್ತೇಳು ವರ್ಷ ಜನರ ಕಾಲಿಗೆ ಬೂಟು ತೊಡಿಸಿದ್ದೇನೆ. ಬಾಗಿಲಿನಿಂದ ನಡೆದು ಬರುವುದನ್ನು ನೋಡಿಯೇ ಪಾದದ ಅಳತೆ ಹೇಳುತ್ತಿದ್ದೆ. ತೂಕ ಮಾತ್ರ ಕೇಳಲೇಬೇಕಿತ್ತು. ಬಿದ್ದಾಗ ಬೂಟು ಹಲಗೆಯಿಂದ ಕಳಚಿಕೊಳ್ಳಬೇಕು, ಇಲ್ಲದಿದ್ದರೆ ಮೂಳೆ ಮುರಿಯುತ್ತದೆ. ಬೂಟನ್ನು ಹಿಡಿದಿಡುವ ಕೊಂಡಿಯ ಬಿಗಿಯನ್ನು ತೂಕಕ್ಕೆ ತಕ್ಕಂತೆ ತಿರುಗಿಸಬೇಕು. ಹೆಂಗಸರು ಐದು ಕಿಲೋ ಕಡಿಮೆ ಹೇಳುತ್ತಾರೆ, ಗಂಡಸರು ಐದು ಕಿಲೋ ಜಾಸ್ತಿ. ನಾನು ಮುಖ ನೋಡಿ ಸರಿಮಾಡಿಕೊಳ್ಳುತ್ತಿದ್ದೆ. ಜನ ಹೇಳುವುದು ಒಂದು, ಇರುವುದು ಇನ್ನೊಂದು ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನಿವೃತ್ತಿಯಾಗಿ ಮೂರು ವರ್ಷವಾಯಿತು. ಐದನೇ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಅಡುಗೆಮನೆಯ ಕಿಟಕಿ ತೆಗೆದರೆ ಎದುರಿಗೇ ಬೆಟ್ಟ. ಒಂದು ಕಾಲದಲ್ಲಿ ಬೆಂಕಿ ಉಗುಳಿ, ಈಗ ಹಿಮ ಹೊದ್ದು ತೆಪ್ಪಗೆ ಕೂತಿದೆ. ಮೂರು ವರ್ಷದಲ್ಲಿ ಒಂದು ಸಲವೂ ಮೇಲೆ ಹೋಗಿಲ್ಲ. ನಲವತ್ತು ನಿಮಿಷದ ದಾರಿ, ಬಸ್ಸೂ ಇದೆ. ಆದರೆ ಒಬ್ಬಳೇ ಹೋಗಿ ಏನು ಮಾಡಲಿ? ಒಬ್ಬೊಬ್ಬರೇ ಬರುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಕೆಂಡದ ಮೇಲೆ ಸುಟ್ಟ ಸುಜುಕ್ ಸಾಸೇಜನ್ನು ಬ್ರೆಡ್ಡಿನಲ್ಲಿಟ್ಟು ನಿಂತುಕೊಂಡೇ ತಿಂದು, ಆಮೇಲೆ ಬೂಟು ಬಿಗಿಯಾಗಿದೆ ಎನ್ನುತ್ತಾ ನನ್ನ ಹತ್ತಿರ ಬರುತ್ತಿದ್ದರು. ಬೂಟು ಬಿಗಿಯಾಗಿರುತ್ತಿರಲಿಲ್ಲ. ಯಾರ ಜೊತೆಗಾದರೂ ನಾಲ್ಕು ಮಾತಾಡಬೇಕಿತ್ತು, ಅಷ್ಟೇ.

ಮೂರನೇ ಮಹಡಿಯ ಗುಲ್ದಾನೆ ನನ್ನ ಶಾಲೆಯ ಗೆಳತಿ. ಅವಳ ಮಗ ತುಂಜಾಯ್ ಅದಾನಾದಲ್ಲಿದ್ದಾನೆ. ಅಲ್ಲಿ ಕಿತ್ತಳೆ ಇದೆ, ಹಿಮವಿಲ್ಲ. ಫೆಬ್ರವರಿಯ ಶಾಲಾ ರಜೆಗೆ ಹೆಂಡತಿ, ಮಗಳು, ನಾದಿನಿ, ನಾದಿನಿಯ ಗಂಡ ಎಲ್ಲರನ್ನೂ ಕಟ್ಟಿಕೊಂಡು ಸ್ಕೀ ಆಡಲು ಬರುತ್ತೇನೆ ಎಂದು ಫೋನು ಮಾಡಿದನಂತೆ. ಗುಲ್ದಾನೆ ಓಡುತ್ತಾ ಮೇಲೆ ಬಂದಳು.

"ನೆಜಾಕೆತ್, ನನ್ನ ಮಾನ ಉಳಿಸೇ! ನನಗೆ ಆ ಬೆಟ್ಟದಲ್ಲಿ ಸುಜುಕ್ ಅಂಗಡಿ ಬಿಟ್ರೆ ಇನ್ನೇನೂ ಗೊತ್ತಿಲ್ಲ."

ನಾನು ಪೆನ್ನು ತೆಗೆದುಕೊಂಡು ಕೂತೆ. ಶನಿವಾರ ಬೇಡ, ಮಂಗಳವಾರ ಹೋಗಿ. ಎಂಟೂವರೆಯೊಳಗೆ ಬೆಟ್ಟದ ತೇಕಿರ್ ಬಾಗಿಲಿನಲ್ಲಿರಿ. ಮಧ್ಯಾಹ್ನ ದೇವೆಲಿ ಊರಿನ ಕಡೆಯಿಂದ ಗಾಳಿ ಎದ್ದರೆ ಮೇಲಿನ ಕೇಬಲ್ ಕುರ್ಚಿಗಳನ್ನು ನಿಲ್ಲಿಸಿಬಿಡುತ್ತಾರೆ. ಮಗುವನ್ನು ಮೊದಲು, ಕಲಿಯುವವರು ನಿಂತೇ ಏರುವ ಚಲಿಸುವ ಪಟ್ಟಿಯ ಹತ್ತಿರ ಬಿಡಿ, ಮೇಲೆ ಒಯ್ಯಬೇಡಿ. ಎಡಗಡೆಯ ಇಳಿಜಾರಿನಲ್ಲಿ ಹಿಮ ತೆಳ್ಳಗಿದ್ದರೆ ಅಡಿಯ ಕಪ್ಪು ಕಲ್ಲು ಹಲಗೆಯನ್ನು ಕೆರೆದುಹಾಕುತ್ತದೆ. ಜೀನ್ಸ್ ಹಾಕಿಕೊಂಡು ಬಂದವರನ್ನು ಮನೆಗೆ ವಾಪಸ್ ಕಳಿಸಿ. ಎರಡು ವಾರ ಇದೇ ಆಯಿತು. ಅದಾನಾದಿಂದ ತುಂಜಾಯ್ ದಿನಾ ನನಗೇ ಫೋನು ಮಾಡತೊಡಗಿದ. ಅವನ ಹೆಂಡತಿ ಸೆವ್‌ಜಾನ್ ತೂಕ ಐವತ್ತೆಂಟು ಅಂದಳು. ನಾನು ಅರವತ್ತಮೂರು ಎಂದು ಬರೆದುಕೊಂಡೆ. ಸುಳ್ಳೇಕೆ ಹೇಳಲಿ, ಆ ಎರಡು ವಾರ ನಾನು ಸುಖವಾಗಿದ್ದೆ. ಬೆಳಿಗ್ಗೆ ಏಳಲು ಒಂದು ನೆಪವಿತ್ತು.

ಮೊದಲನೇ ಸಲ ಗುಲ್ದಾನೆ ಕರೆದದ್ದು ಇಬ್ಬರೂ ಕೂತು ಮಂತಿ ಎನ್ನುವ ಪುಟ್ಟ ಕಡುಬು ಕಟ್ಟುವಾಗ. ಒಂದು ಚಮಚಕ್ಕೆ ನಲವತ್ತು ಕಡುಬು ಹಿಡಿಯಬೇಕು ಎನ್ನುವ ಊರು ಇದು. ಬೆರಳು ಹಿಟ್ಟಿನಲ್ಲಿ, ಕಣ್ಣು ಬೆರಳಿನಲ್ಲಿ. ಅವಳು ತಲೆಯೆತ್ತದೆ ಅಂದಳು:

"ನೀನೂ ಬಾರೇ ನಮ್ ಜೊತೆ."

"ನಾನ್ಯಾಕೆ? ಮಂಡಿ ನೋವು ಬೇರೆ."

ಮಂಡಿ ಆಗೊಮ್ಮೆ ಈಗೊಮ್ಮೆ ನೋಯುತ್ತದೆ, ನಿಜ. ಆದರೆ ನಾನು ಹೇಳಿದ್ದು ಮಂಡಿಯ ವಿಷಯವಲ್ಲ. ನಮ್ಮಲ್ಲಿ ಮೊದಲ ಸಲ ಕರೆದಾಗಲೇ ಹ್ಞೂಂ ಅನ್ನುವವಳು ಹಸಿದವಳು. ಎರಡನೇ ಸಲಕ್ಕೆ ಅನ್ನುವವಳು ಆತುರಗೇಡಿ. ಮೂರನೇ ಸಲ ಕರೆದರೆ ಮಾತ್ರ ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಕರೆದವರ ಮುಖಕ್ಕೆ ಹೊಡೆದಂತೆ. ದೇವರ ಹಕ್ಕು ಮೂರು ಎನ್ನುತ್ತಾರೆ. ಹಾಗಾಗಿ ಎರಡು ಸಲ ಬೇಡ ಅಂದು, ಮೂರನೆಯದಕ್ಕೆ "ಇಷ್ಟು ಬಲವಂತ ಮಾಡಿದ್ಮೇಲೆ ಏನ್ಮಾಡ್ಲಿ" ಎಂದು ಎದ್ದರೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ. ನನ್ನ ಹೆಸರಿನ ಅರ್ಥವೇ ಸೌಜನ್ಯ. ಅಪ್ಪ ಪ್ರೀತಿಯಿಂದ ಇಟ್ಟ ಶಾಪ ಅದು. ನನಗೆ ಇಪ್ಪತ್ತಮೂರಾಗಿದ್ದಾಗ ಒಂದು ಗಂಡಿನ ಕಡೆಯವರು ಎರಡು ಸಲ ಬಂದು ಕೇಳಿದರು. ಎರಡು ಸಲವೂ ಅಪ್ಪ "ನೋಡೋಣ, ಹಣೇಲಿ ಬರೆದಿದ್ರೆ ಆಗತ್ತೆ" ಅಂದರು. ಮೂರನೇ ಸಲಕ್ಕೆಂದು ಅಮ್ಮ ಹೊಸ ಕಾಫಿ ಬಟ್ಟಲು ತಂದಿಟ್ಟಳು. ಅವರು ಬರಲಿಲ್ಲ. ಬಟ್ಟಲು ಯಾರೂ ಮುಟ್ಟದೆ ಉಳಿದವು, ನಾನೂ ಉಳಿದೆ.

ಸೋಮವಾರ ಸಂಜೆ ಅದಾನಾದವರು ಬಂದಿಳಿದರು. ಕೆಳಗೆ ಚಹಾಕ್ಕೆ ಕರೆದರು, ಹೋದೆ. ತುಂಜಾಯ್ ನನ್ನ ಕೈ ಹಿಡಿದು ಹಣೆಗೊತ್ತಿಕೊಂಡ.

"ಚಿಕ್ಕಮ್ಮ, ನೀವಿಲ್ದಿದ್ರೆ ನಾವು ಆ ಬೆಟ್ಟದಲ್ಲಿ ಕುರಿಮರಿ ಥರ ಕಳೆದುಹೋಗ್ತಿದ್ವಿ."

"ಈಗ್ಲೂ ಕಳೆದುಹೋಗ್ತೀಯ ಬಿಡು. ನಾ ಬರೆದ ಚೀಟಿ ಓದೋಕಾದ್ರೂ ಬರತ್ತಾ ನಿಂಗೆ?" ಅಂದೆ. ಎಲ್ಲರೂ ನಕ್ಕರು. ಎಷ್ಟು ದಿನವಾಗಿತ್ತು ನನ್ನ ಮಾತಿಗೆ ಒಂದು ಕೋಣೆ ತುಂಬ ಜನ ನಕ್ಕು!

ಗುಲ್ದಾನೆ ಚಹಾ ಬಗ್ಗಿಸುತ್ತಾ ಎರಡನೇ ಸಲ ಕರೆದಳು. "ಬಾರೇ ನಾಳೆ. ಗಾಡೀಲಿ ಏಳು ಸೀಟಿದೆ, ನಾವು ಆರೇ ಜನ."

ಎದೆ ಹಾರಿತು. ಬಾಯಿ ಮಾತ್ರ ತನ್ನ ಕೆಲಸ ತಾನು ಮಾಡಿತು. "ಮನೆಮಂದಿ ಹೋಗೋ ಕಡೆ ನಾನ್ಯಾಕೆ ಅಡ್ಡ? ನೀವು ಹೋಗ್ಬನ್ನಿ."

ಅವಳು ನನ್ನ ಮುಖವನ್ನೇ ನೋಡಿದಳು. ಬಾಯಿ ತೆರೆದಳು. ಇನ್ನೇನು ಮೂರನೆಯದು ಬಂತು ಎಂದು ನಾನು ಬಟ್ಟಲು ಕೆಳಗಿಟ್ಟೆ. ಅವಳು ಸಕ್ಕರೆ ಎಷ್ಟು ಎಂದು ಕೇಳಿದಳು. ನಲವತ್ತೈದು ವರ್ಷದಿಂದ ನಾನು ಸಕ್ಕರೆಯಿಲ್ಲದ ಚಹಾ ಕುಡಿಯುವುದು ಅವಳಿಗೆ ಗೊತ್ತು.

ಬೆಳಿಗ್ಗೆ ಕರೆಯುತ್ತಾಳೆ ಅಂದುಕೊಂಡೆ. ಹೊರಡುವ ಹೊತ್ತಿಗೆ ಬಾಗಿಲು ಬಡಿದು, ಕೈಹಿಡಿದು ಎಳೆದುಕೊಂಡು ಹೋಗುವುದರಲ್ಲಿ ಇರುವ ಗೌರವ ಬೇರೆಯೇ. ಆರು ಗಂಟೆಗೆ ಎದ್ದೆ. ಮಹಡಿ ಮೆಟ್ಟಿಲನ್ನು ಎರಡು ಸಲ ಹತ್ತಿಳಿದು ಮಂಡಿಯನ್ನು ಪರೀಕ್ಷಿಸಿದೆ. ಚೂರೂ ನೋವಿಲ್ಲ, ಹಾಳಾದ್ದು. ಹಿಮದ ಪ್ಯಾಂಟು ಹಾಕಿಕೊಂಡೆ, ಉಣ್ಣೆಯ ಕಾಲುಚೀಲ ಎರಡು ಜೊತೆ. ನನ್ನ ಹಲಗೆಗಳನ್ನು ಕೋಣೆಯಿಂದ ತಂದು, ಕರೆಯಲು ಬಂದವರ ಕಣ್ಣಿಗೆ ಬೀಳಬಾರದೆಂದು ಬಾಗಿಲ ಹಿಂದೆ ಒರಗಿಸಿದೆ. ಅಷ್ಟು ನಾಟಕ ನಮಗೆ ಯಾರೂ ಕಲಿಸಬೇಕಿಲ್ಲ.

ಏಳಕ್ಕೆ ಐದು ನಿಮಿಷವಿತ್ತು. ಬಾಗಿಲ ಗಂಟೆ ಬಡಿಯಿತು. ಓಡಬಾರದು ಎಂದು ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಬಾಗಿಲು ತೆಗೆದೆ. ತುಂಜಾಯ್‌ನ ಮಗಳು ಪೆಲಿನ್ ನಿಂತಿದ್ದಳು, ಹತ್ತು ವರ್ಷದವಳು, ಟೋಪಿಯೊಳಗೆ ಮೂಗಷ್ಟೇ ಕಾಣುತ್ತಿತ್ತು.

"ಅಜ್ಜಿ ಕಳಿಸಿದ್ರು. ನಿಮ್ಹತ್ರ ಹಿಮದ ಕನ್ನಡಕ ಇದ್ಯಾ ಅಂತ. ಅಮ್ಮ ತನ್ನದು ಮರೆತ್ಬಂದಿದಾಳೆ."

ತಂದುಕೊಟ್ಟೆ. "ಅಜ್ಜಿ ಇನ್ನೇನಾದ್ರೂ ಹೇಳಿದ್ರಾ, ಮರಿ?"

"ಇಲ್ಲ. ಅಷ್ಟೇ." ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನೀವೂ ಎಲ್ಲಿಗೋ ಹೊರಟಿದೀರಾ?"

"ಇಲ್ಲಮ್ಮ. ಮನೆ ಒಳಗೆ ಚಳಿ."

ಮನೆಯೊಳಗೆ ಹೀಟರ್ ಹೊಗೆಯಾಡುವಷ್ಟು ಉರಿಯುತ್ತಿತ್ತು. ಹುಡುಗಿ ತಲೆಯಾಡಿಸಿ ಹೋದಳು. ಕಿಟಕಿಯಿಂದ ನೋಡಿದೆ. ಆರು ಜನ ಹತ್ತಿದರು. ಏಳನೇ ಸೀಟಿನ ಮೇಲೆ ಚೀಲಗಳನ್ನು ಪೇರಿಸಿದರು. ಬಾಗಿಲು ಹಾಕಿಕೊಂಡಿತು, ಗಾಡಿ ಹೊರಟಿತು. ಗುಲ್ದಾನೆ ತಲೆಯೆತ್ತಿ ಕೂಡ ನೋಡಲಿಲ್ಲ. ನಾನು ಅಡುಗೆಮನೆಯ ಕುರ್ಚಿಯ ಮೇಲೆ ಕೂತೆ. ಬೆವರು ಹರಿಯುತ್ತಿತ್ತು. ಪ್ಯಾಂಟು ತೆಗೆಯಲು ಮನಸ್ಸಾಗಲಿಲ್ಲ. ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ತಿಳಿಯಲು ನಾನು ಬೇಕು, ಒಂದು ಸೀಟಿಗೆ ಬೇಡ. ನನಗಿಂತ ಚೀಲಗಳಿಗೆ ಅದೃಷ್ಟ ಚೆನ್ನಾಗಿದೆ.

ಇಪ್ಪತ್ತು ನಿಮಿಷದ ಮೇಲೆ ಫೋನು ಬಡಿದುಕೊಂಡಿತು. ಗುಲ್ದಾನೆ.

"ಏನೇ, ಪೆಲಿನ್ ಏನೋ ಹೇಳ್ತಿದಾಳೆ. ನೀನು ಹಿಮದ ಪ್ಯಾಂಟ್ ಹಾಕ್ಕೊಂಡು ಕೂತಿದ್ದೀಯಂತೆ?"

ನಾನು ಪ್ಯಾಂಟಿನ ಮಂಡಿಯನ್ನು ಸವರಿಕೊಂಡೆ.

"ನೆಜಾಕೆತ್! ಬರೋ ಮನಸ್ಸಿತ್ತಾ ನಿಂಗೆ?"

"ನೀನು ಎರಡೇ ಸಲ ಕರೆದೆ," ಅಂದೆ. ಹಾಗೆ ನೇರವಾಗಿ ಅಂದದ್ದು ಜೀವಮಾನದಲ್ಲಿ ಅದೇ ಮೊದಲು.

ಗುಲ್ದಾನೆ ದನಿ ತಗ್ಗಿಸಿದಳು. "ಅಯ್ಯೋ ಪೆದ್ದೀ. ಮೂರನೇ ಸಲ ಕರೆದಿದ್ರೆ ನೀನು ಬರ್ಲೇಬೇಕಾಗ್ತಿತ್ತು ಕಣೇ. ಮಂಡಿ ನೋವು ಅಂದೆ. ನನ್ನ ಮಾತು ತೆಗೆದುಹಾಕೋಕಾಗ್ದೆ, ಹಲ್ಲು ಕಚ್ಕೊಂಡು ಬಂದು, ಅಲ್ಲಿ ಚಳೀಲಿ ಒದ್ದಾಡ್ತೀಯ ಅಂತ... ಅದಕ್ಕೇ ನಿನ್ನೆ ನಾಲಿಗೆ ಕಚ್ಕೊಂಡು ಸಕ್ಕರೆ ಎಷ್ಟು ಅಂತ ಕೇಳ್ದೆ. ಬೆಳಿಗ್ಗೆ ಮೇಲೆ ಬಂದ್ರೆ ಬಾಯಿಗೆ ಬಂದ್ಬಿಡತ್ತೆ ಅಂತ ಮಗೂನ ಕಳಿಸ್ದೆ. ನಿನ್ನ ಕಿಟಕಿ ಕಡೆ ಕತ್ತು ತಿರುಗಿಸ್ಲಿಲ್ಲ."

ಹೀಗೆ. ನಾನು ಬೇಡವೆಂದಲ್ಲ, ನನ್ನ ಮೇಲಿನ ಅಕ್ಕರೆಯಿಂದಲೇ ಬಿಟ್ಟುಹೋಗಿದ್ದಳು. ಸಿಟ್ಟು ಮಾಡಿಕೊಳ್ಳಲೂ ನನ್ನ ಹತ್ತಿರ ಏನೂ ಉಳಿಯಲಿಲ್ಲ.

"ಹಿಸಾರ್‌ಜಿಕ್ ಊರು ದಾಟಿಲ್ಲ ಇನ್ನೂ," ಅಂದಳು. "ತುಂಜಾಯ್, ಪಕ್ಕಕ್ಕೆ ಹಾಕೋ. ಗಾಡಿ ತಿರುಗಿಸ್ಲಾ, ನೆಜಾಕೆತ್?"

"ಬೇಡ ಬೇಡ. ಅಷ್ಟು ದೂರ ವಾಪಸ್ ಬರ್ತೀರಾ?"

ಅಂದುಬಿಟ್ಟೆ. ಯೋಚಿಸುವ ಮೊದಲೇ ಬಾಯಿಂದ ಬಿದ್ದುಹೋಯಿತು.

"ಎಷ್ಟು ದೂರ ಮಹಾ, ಇಪ್ಪತ್ತು ನಿಮಿಷ. ಚೀಲ ಮಡಿಲಲ್ಲಿ ಇಟ್ಕೋತೀವಿ. ಬರ್ಲಾ?"

ಗಾಡಿ ರಸ್ತೆಯ ಪಕ್ಕಕ್ಕೆ ನಿಂತಿರಬೇಕು. ಇಂಡಿಕೇಟರಿನ ಟಿಕ್ ಟಿಕ್ ಕೇಳಿಸುತ್ತಿತ್ತು. ಒಳಗೆ ಆರು ಜನ ಉಸಿರು ಬಿಗಿಹಿಡಿದು ಕೂತಿದ್ದಾರೆ. ಹ್ಞೂಂ ಅನ್ನೇ, ಹಾಳು ಮುಂಡೇದೇ, ಒಂದು ಹ್ಞೂಂ ಎಂದು ನನ್ನನ್ನು ನಾನೇ ಬೈದುಕೊಂಡೆ.

"ಮಗು ಕಾಯ್ತಿದೆ," ಅಂದೆ. "ಗಾಳಿ ಏಳೋದ್ರೊಳಗೆ ತಲುಪ್ಕೊಳ್ಳಿ. ಹೋಗಿ."

ಟಿಕ್ ಟಿಕ್ ನಡೆದೇ ಇತ್ತು. ನಾನು ಮೂರನೆಯದಕ್ಕೆ ಕಾದೆ. ಗುಲ್ದಾನೆ ಕೂಡ ಕಾಯುತ್ತಿದ್ದಳು ಎಂದು ಈಗ ಅನ್ನಿಸುತ್ತದೆ.

"ಸರಿ ಕಣೇ," ಅಂದಳು ಕೊನೆಗೆ. "ನಿನಗೆ ಬಲವಂತ ಮಾಡಲ್ಲ."

ಫೋನು ಇಟ್ಟ ಮೇಲೆ ಅಡುಗೆಮನೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಎದ್ದು ನಿಂತೆ. ಯಾರೂ ಇಲ್ಲದ ಆ ಕೋಣೆಯಲ್ಲಿ, ಗೋಡೆಗೂ ಕೇಳುವ ಹಾಗೆ, ಗಟ್ಟಿಯಾಗಿ "ಬರ್ತೀನಿ" ಅಂದೆ. ಮೂರೇ ಅಕ್ಷರ. ಎಲ್ಲೂ ತಡವರಿಸದೆ, ಚೆನ್ನಾಗಿಯೇ ಬಂತು.