ಮಾರ್ಕೆಟ್ಟಿಗೆ ಹೋಗದ ಗೂಡು

ನನ್ನ ಮಗಳು ದೀಪ ಮೊದಲ ಸಲ ಲಾರಿಗೆ ಅಡ್ಡ ನಿಂತ ದಿನ, ಆ ಲಾರಿಯ ಹಿಂದೆ ಸಿಕ್ಕಿಕೊಂಡ ಬಸ್ಸಿನ ಕಂಡಕ್ಟರ್ ನಾನೇ ಆಗಿದ್ದೆ.

ಕೊಳ್ಳೇಗಾಲದಿಂದ ಹನೂರಿಗೆ ಹೊರಟ ಬಸ್ಸು ಕಾಮಗೆರೆ ಹತ್ತಿರ ನಿಂತುಬಿಟ್ಟಿತು. ಇಳಿದು ಹೋಗಿ ನೋಡಿದರೆ, ಪಂಜರಗಳಲ್ಲಿ ಕೋಳಿಗಳನ್ನು ಉಸಿರಾಡಲು ಜಾಗವಿಲ್ಲದಂತೆ ತುರುಕಿದ್ದ ಲಾರಿ. ಅದರ ಮುಂದೆ ನಾಲ್ಕೈದು ಹುಡುಗ ಹುಡುಗಿಯರು. ನಡುವೆ ನನ್ನ ಮಗಳು, ಕೈಯಲ್ಲಿ ‘ಅವಕ್ಕೂ ನೋವಾಗುತ್ತೆ’ ಎಂಬ ಬೋರ್ಡು.

ಲಾರಿ ಡ್ರೈವರ್ ನನಗೇ ಕೈಮುಗಿದ. “ಸಾ, ನಾನು ಸಾಕ್ದೋನೂ ಅಲ್ಲ, ಕುಯ್ಯೋನೂ ಅಲ್ಲ. ಬರೀ ತಕಂಡೋಗೋನು. ಈ ಉಡ್ಗೀಗೆ ನೀವಾರ ಒಸಿ ಏಳಿ ಸಾ.”

“ಯಾರ ಮನೆ ಹುಡುಗಿಯೋ, ನನಗೇನು ಗೊತ್ತಪ್ಪ” ಎಂದು ಸುಳ್ಳು ಹೇಳಿದೆ.

“ಅಪ್ಪ, ನೀನು ಬಸ್ ಹತ್ಕೊಂಡು ಕೂತ್ಕೊ. ನಾನು ಹೇಳೋಗಂಟ ರೈಟ್ ಕೊಡಬೇಡ” ಎಂದಳು ದೀಪ. ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಕೊನೆಗೆ ಪೊಲೀಸರು ಬಂದು, ಅರ್ಧ ಕೋಳಿಗಳನ್ನು ಬೇರೆ ಗಾಡಿಗೆ ಹಾಕಿಸಿ, ಎಲ್ಲಕ್ಕೂ ನೀರು ಕುಡಿಸಿದ ಮೇಲೆಯೇ ನಾನು ವಿಸಿಲ್ ಊದಿದ್ದು.

ಆಮೇಲೆ ಅವಳು ಹನೂರಿನ ಕಡೆಯ ಕೋಳಿ ಜೂಜು ನಿಲ್ಲಿಸಿದಳು. ಗಾಡಿ ಓಟದಲ್ಲಿ ಎತ್ತುಗಳಿಗೆ ಚುಚ್ಚುವ ಮೊಳೆಗೋಲು ಕಿತ್ತುಕೊಂಡು ಬಂದಳು. ಊರವರು ‘ಕೋಳಿ ದೀಪ’ ಎಂದು ಹೆಸರಿಟ್ಟರು. ನಾನು ಮೇಲೆ ಗೊಣಗಿದರೂ ಒಳಗೊಳಗೇ ಬೀಗುತ್ತಿದ್ದೆ. ನಮ್ಮದು ಲಿಂಗವಂತರ ಮನೆ, ಮೊಟ್ಟೆಯನ್ನೂ ಮುಟ್ಟಿದವರಲ್ಲ. ದಯೆ ಎಂಬುದು ನಮಗೆ ವಂಶದಲ್ಲೇ ಬಂದ ಆಸ್ತಿ ಎಂದುಕೊಂಡಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವರು ಒಂದಲ್ಲ ಒಂದು ದಿನ ಮನೆಗೂ ಬರುತ್ತಾರೆ ಎಂಬುದು ಹೊಳೆದಿರಲಿಲ್ಲ.

ಬಂದಳು. ಅದೂ ಮದುವೆಯ ಸೀರೆಯ ವಿಷಯಕ್ಕೆ.

ಯಳಂದೂರಿನ ಹೈಸ್ಕೂಲು ಮೇಷ್ಟ್ರು ಶಿವಕುಮಾರಸ್ವಾಮಿಯ ಜೊತೆ ದೀಪಳ ಮದುವೆ ಗೊತ್ತಾಗಿತ್ತು. ನನ್ನ ಹೆಂಡತಿ ಗುರುಸಿದ್ದಮ್ಮ ಮಗಳು ಹುಟ್ಟಿದಾಗಿನಿಂದ ಒಂದೇ ಆಸೆ ಇಟ್ಟುಕೊಂಡಿದ್ದಳು: ತನ್ನ ಕೈಯಲ್ಲಿ ಬೆಳೆದ ಗೂಡಿನ ರೇಷ್ಮೆಯಲ್ಲೇ ಮಗಳ ಧಾರೆ ಸೀರೆ ಆಗಬೇಕು.

ಮಧುವನಹಳ್ಳಿಯಲ್ಲಿ ನಮಗೆ ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳು ಮನೆ. ನಾನು ಸೊಪ್ಪು ಕುಯ್ದು ಹೊರುವ ಆಳು, ಅವಳೇ ಯಜಮಾನಿ. ನಮ್ಮ ಮದುವೆಯಾದಾಗಿನಿಂದ ಹುಳು ಸಾಕುತ್ತಿದ್ದಾಳೆ, ಅವನ್ನು ಕರೆಯುವುದು ‘ಮಕ್ಳು’ ಎಂದೇ. ಹುಳು ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ. ವಾಸನೆ ಅವಕ್ಕೆ ಆಗದು. ನಾನು ಬಸ್ಸಿನಿಂದ ಬಂದರೆ ಸ್ನಾನ ಮಾಡದೆ ಆ ಬಾಗಿಲು ದಾಟುವಂತಿಲ್ಲ. ಹುಳು ಪೊರೆ ಬಿಡುವ ಹೊತ್ತಿಗೆ ಸೊಪ್ಪು ಬಿಟ್ಟು ಸುಮ್ಮನೆ ಕೂರುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. “ಜ್ವರಕ್ಕೆ ಕೂತವೆ, ಮೆಲ್ಗೆ ಮಾತಾಡಿ” ಎಂದು ಪಿಸುಗುಟ್ಟುತ್ತಾಳೆ. ನನಗೆ ಜ್ವರ ಬಂದರೆ ಒಂದು ಮಾತ್ರೆ ಕೈಗಿಟ್ಟು ತೋಟಕ್ಕೆ ಹೋಗುತ್ತಾಳೆ. ನನಗೇನೂ ಬೇಸರವಿಲ್ಲ, ಸುಮ್ಮನೆ ಹೇಳಿದೆ.

ಇಂಥವಳ ಮುಂದೆ ದೀಪ, “ಅವ್ವ, ನಾನು ರೇಷ್ಮೆ ಉಡಲ್ಲ” ಎಂದಳು.

“ಯಾಕವ್ವ? ಬೇರೆ ಬಣ್ಣ ಬೇಕಾ?”

“ಬಣ್ಣ ಅಲ್ಲ. ಗೂಡೊಳಗೆ ಜೀವ ಇದ್ದಂಗೇ ಬೇಯಿಸ್ತಾರಲ್ಲವ್ವ. ಅದ ಮೈಮೇಲೆ ಹಾಕ್ಕೊಂಡು ನಾನು ಯಾವ ಬಾಯಲ್ಲಿ ಲಾರಿ ಅಡ್ಡ ಹಾಕ್ಲಿ?”

ಗುರುಸಿದ್ದಮ್ಮ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. “ನಾನು ಬೇಯಿಸ್ದೋಳಲ್ಲ ಕಣವ್ವ. ಸಾಕ್ದೋಳು.”

“ಲಾರಿ ಡ್ರೈವರೂ ಅದನ್ನೇ ಅಂದ. ನಾನು ಬರೀ ತಕಂಡೋಗೋನು ಅಂತ.”

ಆಡಿದ ಮಾತು, ಒಡೆದ ಮುತ್ತು. ಹೆತ್ತ ತಾಯಿಯನ್ನು ಕೋಳಿ ಲಾರಿಯವನ ಪಕ್ಕದಲ್ಲಿ ನಿಲ್ಲಿಸಿದಳಲ್ಲ ಎಂದು ನನಗೂ ಸಿಟ್ಟು ಬಂತು. ನನ್ನ ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. “ರೇಷ್ಮೆ ಉಡದ ಮಗ್ಳಿಗೆ ನಾನು ಧಾರೆ ಎರೆಯಾಕಿಲ್ಲ. ನಿಮ್ಮಪ್ಪ ಒಬ್ರೇ ಎರೀಲಿ” ಎಂದು ಒಳಗೆ ಹೋದಳು.

ಧಾರೆ ಎರೆಯುವುದು ಗಂಡ ಹೆಂಡತಿ ಇಬ್ಬರ ಕೈ ಸೇರಿ. ತಾಯಿ ಬದುಕಿದ್ದೂ ಚೊಂಬು ಹಿಡಿಯದ ಮದುವೆಯನ್ನು ನಮ್ಮೂರು ಏಳು ತಲೆಮಾರು ಆಡಿಕೊಂಡೀತು. ಅದಕ್ಕಿಂತ ಹೆಚ್ಚಾಗಿ, ಅವಳಿಲ್ಲದೆ ನನ್ನ ಕೈ ಮೇಲೇಳುವುದಿಲ್ಲ ಎಂದು ನನಗೇ ಗೊತ್ತಿತ್ತು. ಭಾವೀ ಅಳಿಯನನ್ನು ಕೇಳಿದೆ. ಅವನು, “ಮಾವ, ಅವರು ಏನು ಉಟ್ಟರೂ ಸರಿ. ನಾನಂತೂ ನೂಲಿನ ಪಂಚೆ ತಗೊಂಡಾಯ್ತು” ಎಂದು ಜಾರಿಕೊಂಡ. ಜಾಣ. ಈ ಮನೆಗೆ ಸರಿಯಾಗಿ ಹೊಂದುತ್ತಾನೆ.

ಅಂದಿನಿಂದ ನಾನು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ. ಇಬ್ಬರೂ ಒಂದೇ ಒಲೆಯ ಮುಂದೆ ನಿಂತಿರುತ್ತಿದ್ದರು. “ಸಾರಿಗೆ ಉಪ್ಪು ಕಮ್ಮಿ ಅಂತ ನಿಮ್ಮ ಮಗ್ಳಿಗೆ ಏಳಿ.” “ಉಪ್ಪಿನ ಡಬ್ಬ ಎಲ್ಲದೆ ಅಂತ ಅವ್ವನ್ನ ಕೇಳಪ್ಪ.”

ಹೀಗೇ ಹುಳು ಹಣ್ಣಾದವು. ಹಣ್ಣಾದ ಹುಳು ಗೂಡು ಕಟ್ಟಲು ತಲೆ ಎತ್ತಿ ಅಲ್ಲಾಡಿಸುತ್ತವೆ. ಅವನ್ನು ಕೂಡಲೇ ಆಯ್ದು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಅಗಲವಾದ ತಟ್ಟಿ, ಮೇಲೆ ಸುತ್ತುಸುತ್ತಾಗಿ ಪಟ್ಟಿ. ಆ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ದೀಪ ಬಂದು ಸುಮ್ಮನೆ ಅವ್ವನ ಪಕ್ಕ ಕೂತು ಹುಳು ಆಯತೊಡಗಿದಳು. ಚಿಕ್ಕಂದಿನ ಅಭ್ಯಾಸ, ಕೈಗೆ ಸಿದ್ಧಾಂತ ಗೊತ್ತಿಲ್ಲ. ಒಂದು ಹುಳುವೂ ನಲುಗದಂತೆ ಎತ್ತುತ್ತಿದ್ದಳು. ನನ್ನ ಹೆಂಡತಿ ಓರೆಗಣ್ಣಲ್ಲಿ ನೋಡಿದ್ದನ್ನು ನಾನು ನೋಡಿದೆ.

“ಅವ್ವ” ಎಂದಳು ದೀಪ, ಬಹಳ ದಿನದ ಮೇಲೆ ನೇರವಾಗಿ. “ಒಂದೇ ಒಂದು ಚಂದ್ರಿಕೆ ಮಾರ್ಕೆಟ್ಟಿಗೆ ಕಳಿಸಬೇಡ. ಚಿಟ್ಟೆ ಈಚೆ ಬರೋದ ನೋಡು. ನೋಡಿದ ಮೇಲೂ ನೀನು ರೇಷ್ಮೆ ಉಡು ಅಂದ್ರೆ ಉಡ್ತೀನಿ. ಎದುರು ಮಾತಾಡಲ್ಲ.”

“ಇಷ್ಟು ಉಳ ಸಾಕ್ದೋಳ್ಗೆ ಒಂದು ಚಿಟ್ಟೆ ತೋರ್ಸಕೆ ಬಂದವ್ಳೆ” ಎಂದಳು ಗುರುಸಿದ್ದಮ್ಮ. ಆದರೆ ಒಪ್ಪಿದಳು. ಗೆದ್ದಾಯಿತೆಂದೇ ಅವಳ ಲೆಕ್ಕ, ಯಾವ ಸೆರಗಿಗೆ ಯಾವ ಅಂಚು ಎಂದು ನನ್ನೊಡನೆ ಮಾತೂ ತೆಗೆದಳು.

ನಿಜ ಹೇಳಬೇಕೆಂದರೆ ಅವಳು ಚಿಟ್ಟೆ ಬರುವುದನ್ನು ಕಂಡೇ ಇರಲಿಲ್ಲ. ನಾನೂ ಕಂಡಿರಲಿಲ್ಲ. ಮೊಟ್ಟೆ ಬೇರೆ ಕಡೆಯಿಂದ ತರುತ್ತೇವೆ, ಗೂಡು ಬಿಡಿಸಿದ ಕೂಡಲೇ ಮಾರ್ಕೆಟ್ಟಿಗೆ ಸಾಗಿಸುತ್ತೇವೆ. ಎಲ್ಲೋ ಸಂದಿಯಲ್ಲಿ ಉಳಿದ ಒಂದು ಗೂಡು ತೂತು ಬಿದ್ದಿದ್ದರೆ ‘ಹಾಳಾಯ್ತು’ ಎಂದು ಬೈದು ಎಸೆಯುತ್ತಿದ್ದಳು. ತೂತಾದ ಗೂಡಿನ ಎಳೆ ತುಂಡುತುಂಡಾಗಿರುತ್ತದೆ, ನೂಲು ತೆಗೆಯಲು ಬರುವುದಿಲ್ಲವಲ್ಲ.

ಮಿಕ್ಕದ್ದೆಲ್ಲ ಮಾರ್ಕೆಟ್ಟಿಗೆ ಹೋಯಿತು. ಒಂದು ಚಂದ್ರಿಕೆ ಹುಳು ಮನೆಯ ಮೂಲೆಯಲ್ಲಿ ಉಳಿಯಿತು. ಸುಮಾರು ಹತ್ತು ಹನ್ನೆರಡು ದಿನ ಕಳೆದು ಒಂದು ಬೆಳಿಗ್ಗೆ ಅಲ್ಲಿಂದ ಅವಳ ಕೂಗು ಕೇಳಿತು. “ರೀ! ಬನ್ರೀ ಇಲ್ಲಿ!”

ಗೂಡುಗಳ ತುದಿ ಒದ್ದೆಯಾಗಿ ಮೆತ್ತಗಾಗಿತ್ತು. ಒಂದೊಂದರಿಂದಲೂ ಒಂದೊಂದು ಬಿಳಿ ಚಿಟ್ಟೆ ನುಸುಳಿ ಬರುತ್ತಿತ್ತು. ದಪ್ಪ ಹೊಟ್ಟೆ, ಮೈಯೆಲ್ಲ ನವಿರು, ಹುಬ್ಬಿನ ಜಾಗದಲ್ಲಿ ಎರಡು ಪುಟ್ಟ ಬಾಚಣಿಗೆ. ಗುರುಸಿದ್ದಮ್ಮ ಆಗಲೇ ತೋಟಕ್ಕೆ ಓಡಿಹೋಗಿ ಎಳೆ ಸೊಪ್ಪು ತಂದು ಅವುಗಳ ಮುಂದೆ ಇಟ್ಟಿದ್ದಳು. ಅವು ಸೊಪ್ಪಿನ ಮೇಲೆ ನಡೆದಾಡಿದವೇ ಹೊರತು ತಿನ್ನಲಿಲ್ಲ.

“ಯಾಕ್ರೀ ತಿಂತಿಲ್ಲ? ಸೊಪ್ಪು ಬಲ್ತಿಲ್ಲವಲ್ಲ?” ಅವಳ ದನಿಯಲ್ಲಿ ಗಾಬರಿ.

ಹಿಂದೆ ದೀಪ ಬಂದು ನಿಂತಿದ್ದಳು. “ಅವಕ್ಕೆ ತಿನ್ನೋ ಬಾಯಿಲ್ಲವ್ವ.”

“ಬಾಯಿಲ್ವಾ?”

“ತಿನ್ನೋದೆಲ್ಲ ಹುಳ ಆಗಿದ್ದಾಗ್ಲೇ ಮುಗೀತು. ನೀನು ಅವತ್ತು ಕೊಟ್ಟ ಸೊಪ್ಪಿನ ಮೇಲೇ ಇನ್ನು ನಾಕು ದಿನ ಇರ್ತವೆ.”

“ಆರಿ ಓಗಾಕಿಲ್ವಾ?”

ಒಂದು ಚಿಟ್ಟೆ ರೆಕ್ಕೆ ಪಟಪಟನೆ ಬಡಿದು, ಅಲ್ಲೇ ಸುತ್ತು ತಿರುಗಿ, ಅಲ್ಲೇ ಕೂತಿತು. “ಹಾರಕ್ಕೂ ಬರಲ್ಲವ್ವ. ಸಾವಿರಾರು ವರ್ಷ ಮನುಷ್ಯರೇ ಸಾಕಿ ಸಾಕಿ, ಹಾರೋದ್ನೇ ಮರ್ತವೆ.” ದೀಪ ಬಗ್ಗಿ ಆ ಚಿಟ್ಟೆಯ ಪಕ್ಕದಲ್ಲೇ ಕೂತಳು. “ಓದಿದ್ದೆ. ನಾನೂ ನೋಡಿರಲಿಲ್ಲ.”

ಇನ್ನೇನು, ನನ್ನ ಹೆಂಡತಿ ಗೆದ್ದಳು ಎಂದುಕೊಂಡೆ. ತಿನ್ನಲು ಬಾಯಿಲ್ಲ, ಹಾರಲು ಬಾರದು, ನಾಲ್ಕು ದಿನ ಇದ್ದು ಸಾಯುವುದನ್ನು ಬಿಟ್ಟರೇನು, ಬೇಯಿಸಿದರೇನು? ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ. ಅವಳೋ ಸೊಪ್ಪನ್ನು ಮೆಲ್ಲಗೆ ತೆಗೆದು, ಚಂದ್ರಿಕೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ಇರುವೆ ಹತ್ತದಂತೆ ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟಳು. ಹಲ್ಲಿ ಬಾರದಂತೆ ಕಾಯಲು ಅಲ್ಲೇ ಚಾಪೆ ಹಾಸಿಕೊಂಡಳು.

ಚಿಟ್ಟೆಗಳು ಜೋಡಿಯಾದವು, ಮೊಟ್ಟೆ ಇಟ್ಟವು. ಒಂದು ಅವಳ ಅಂಗೈ ಮೇಲೇ ಹತ್ತಿ, ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆಗಳನ್ನು ಒಂದರ ಪಕ್ಕ ಒಂದು ಅಂಟಿಸಿತು. ಅದು ಮುಗಿಸುವವರೆಗೆ ಅವಳು ಕೈ ಅಲ್ಲಾಡಿಸಲಿಲ್ಲ. ಸಾಕಷ್ಟು ಹೊತ್ತಾಯಿತು, ಕಾಫಿ ನಾನೇ ಮಾಡಿಕೊಂಡೆ.

“ಈಗ ಹುಳು ಇಲ್ವಲ್ಲ, ಸಾರಿಗೆ ಒಂದು ಒಗ್ಗರಣೆ ಆದರೂ ಹಾಕು ಮಾರಾಯ್ತಿ” ಎಂದೆ.

“ಸುಮ್ಕಿರಿ. ಮನೇಲಿ ಬಾಣಂತೀರು ಅವ್ರೆ” ಎಂದಳು.

ಕೊನೆಯ ಚಿಟ್ಟೆಯೂ ಅಲುಗದೆ ಉಳಿದ ದಿನ, ಎಲ್ಲವನ್ನೂ ಕೈಯಲ್ಲೇ ಆಯ್ದು ಮಡಿಲಿಗೆ ಹಾಕಿಕೊಂಡು ಹೋಗಿ ಹಿಪ್ಪುನೇರಳೆ ಗಿಡಗಳ ಬುಡಕ್ಕೆ ಬಿಟ್ಟು ಬಂದಳು. ದೀಪ ಜಗುಲಿಯಲ್ಲೇ ಕೂತಿದ್ದಳು. ಗುರುಸಿದ್ದಮ್ಮ ನನ್ನ ಮುಖ ನೋಡಿ, “ನೂಲಿನ ಸೀರೇನೇ ಉಡು ಅಂತ ನಿಮ್ಮ ಮಗ್ಳಿಗೆ ಏಳಿ” ಎಂದಳು.

“ನೀನೇ ಹೇಳವ್ವ” ಎಂದು ದೀಪ ಅತ್ತೇಬಿಟ್ಟಳು.

“ಅಳ್ಬೇಡ. ನಾಕು ದಿನನಾದ್ರೂ ಅದು ಅವುಗಳ್ದು ಕಣವ್ವ. ನಂಗೆ ಗೊತ್ತಿರ್ನಿಲ್ಲ.” ಮಗಳ ತಲೆ ಸವರಿದಳು. ತಕ್ಷಣ ದನಿ ಏರಿಸಿದಳು. “ಅಂಗಂತ ಉಳ ಸಾಕೋದ ಬುಟ್ಬುಡ್ತೀನಿ ಅನ್ಕಬೇಡ. ಒಟ್ಟೆಗೇನು ತಿನ್ನದು?”

“ಬಿಡು ಅಂತ ನಾನು ಇವತ್ತು ಹೇಳಿದ್ನಾ?”

“ನಾಳೆ ಏಳ್ತೀಯ.”

“ನಾಳೆ ಹೇಳ್ತೀನಿ.”

ಇಬ್ಬರೂ ನಕ್ಕರು. ಅಂದು ಸಾರಿಗೆ ಒಗ್ಗರಣೆ ಬಿತ್ತು. ಅಷ್ಟು ರುಚಿಯಾದ ಸಾರನ್ನು ನಾನು ಉಂಡಿಲ್ಲ.

ತೂತಾದ ಗೂಡುಗಳನ್ನು ಈ ಸಲ ಎಸೆಯಲಿಲ್ಲ. ಬೂದಿ ನೀರಿನಲ್ಲಿ ಬೇಯಿಸಲು ಇಟ್ಟು, “ಖಾಲಿ ಗೂಡು ಬೇಯಿಸಿದ್ರೆ ಯಾವ ಲಾರೀನೂ ಅಡ್ಡ ಆಕಾಕಿಲ್ಲ ತಾನೆ?” ಎಂದು ಮಗಳನ್ನು ಕೆಣಕಿದಳು. ಒಣಗಿದ ಮೇಲೆ ಹತ್ತಿಯಂತೆ ಹಿಂಜಿ, ದೀಪದ ಬತ್ತಿ ಹೊಸೆಯುವ ಹಾಗೆ ತೊಡೆಯ ಮೇಲೆ ಹೊಸೆದು ದಾರ ಮಾಡಿದಳು. ಗಂಟುಗಂಟು ದಾರ. ಅದಕ್ಕೆ ಅರಿಸಿನ ಬಳಿದು, ಮದುವೆಯ ದಿನ ಮಗಳ ಕೈಗೆ ಕಂಕಣ ಕಟ್ಟಿಸಿದಳು.

ದೀಪ ಹಸಿರು ನೂಲಿನ ಸೀರೆಯಲ್ಲಿ ಹಸೆಮಣೆಗೆ ಬಂದಳು. ನೆಂಟರು ಪಿಸುಗುಟ್ಟಿದರು. ಅಷ್ಟರಲ್ಲಿ ಗುರುಸಿದ್ದಮ್ಮ ಬಂದಳು, ತನ್ನ ಮದುವೆಯ ಕೆಂಪು ರೇಷ್ಮೆ ಸೀರೆ ಉಟ್ಟುಕೊಂಡು. ಮಗಳು ಅವ್ವನನ್ನು ನೋಡಿದಳು.

“ಅಂಗ್ಯಾಕೆ ನೋಡೀಯೆ? ಇದ್ರಲ್ಲಿ ಸತ್ತವು ಎಂದೋ ಸತ್ವು. ಪೆಟ್ಟಿಗೇಲಿಟ್ಟು ಇನ್ನೊಂದ್ಸಲ ಸಾಯ್ಸ್ಲಾ? ಅವೂ ನೋಡ್ಲಿ ನಿನ್ನ ಮದ್ವೆಯ.”

ದೀಪ ಆ ಸೆರಗನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು.

ಧಾರೆಯ ಹೊತ್ತು ಬಂತು. ನಾನೂ ಅವಳೂ ಒಟ್ಟಿಗೆ ಚೊಂಬು ಹಿಡಿದೆವು. ನೀರು ಸುರಿದು ಮಗಳ ಕೈ ತೋಯಿತು, ಕಂಕಣವೂ ತೋಯಿತು. ಅಯ್ಯನವರು ಮಂತ್ರ ಹೇಳುತ್ತಲೇ ಇದ್ದರು. ಗುರುಸಿದ್ದಮ್ಮ ಚೊಂಬನ್ನು ನನ್ನೊಬ್ಬನ ಕೈಗೆ ಬಿಟ್ಟು, “ಒಸಿ ತಡೀರಿ ಅಯ್ನೋರೆ. ನೆಂದ್ರೆ ಗಂಟು ಬಿಗೀತದೆ, ಮಗ್ಳ ಕೈ ನೊಂದದು” ಎಂದು, ಬಾಗಿ ಕಂಕಣ ಸಡಿಲ ಮಾಡಿದಳು.