ಸೋಮವಾರದ ರಕ್ತ

ರಂಜನಾ ಬೆಳಗಿನಿಂದ ಫೋನು ಕೆಳಗಿಟ್ಟಿರಲಿಲ್ಲ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ಸುತ್ತುತ್ತಿದ್ದಳು. ಕೊಂಢವಾ ಬಡಾವಣೆಯ ಆ ಗಲ್ಲಿಯಲ್ಲಿ ಎದುರಿನ ಕಟ್ಟಡಕ್ಕೆ ಸ್ಲ್ಯಾಬ್ ಹಾಕುತ್ತಿದ್ದರು. ಯಂತ್ರದ ಸದ್ದು ತಲೆಯೊಳಗೇ ನಡೆದಂತಿತ್ತು.

ಮಗಳು ಶರಣ್ಯಾಳ ರಕ್ತದ ರಿಪೋರ್ಟು ಇವತ್ತು ಬರಬೇಕು. ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶವನ್ನು ಅರಗಿಸುವ ಶಕ್ತಿ ಹುಟ್ಟಿನಿಂದಲೇ ಅವಳ ದೇಹಕ್ಕಿಲ್ಲ. ಅದು ರಕ್ತದಲ್ಲಿ ಏರಿದರೆ ಪೆಟ್ಟು ಮಿದುಳಿಗೆ. ಹಾಗಾಗಿ ಬೇಳೆ, ಹಾಲು ಇಲ್ಲ. ಅನ್ನ ತಕ್ಕಡಿಯಲ್ಲಿ ತೂಗಿ. ಉಳಿದ ಪೋಷಣೆಗೆ ಕೆಟ್ಟ ವಾಸನೆಯದೊಂದು ಪೌಡರು. ತಿಂಗಳಿಗೊಮ್ಮೆ ಬೆರಳು ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲೆ ರಕ್ತ ಒಣಗಿಸಿ ಲ್ಯಾಬಿಗೆ ಕಳಿಸುವುದು. ಈ ಸಲ ಅಂಕಿ ಮಿತಿಯೊಳಗಿದ್ದರೆ ಶಾಲೆಯವರ ಜೊತೆ ಭೋರ್ ಊರಿನ ಶಿಬಿರಕ್ಕೆ ಕಳಿಸುವೆನೆಂದು ರಂಜನಾ ಮಾತು ಕೊಟ್ಟಿದ್ದಳು.

ಫೋನು ಗುಣುಗುಟ್ಟಿತು. ಅಂಕಿ ಮಿತಿ ದಾಟಿತ್ತು.

ನೇರ ಅಡುಗೆಮನೆಗೆ ಹೋದಳು. ಅತ್ತೆ ಸಾವಂತ್ರವ್ವ ಚಟ್ನಿಗೆ ಶೇಂಗಾ ಹುರಿಯುತ್ತಿದ್ದರು.

"ಅತ್ತಿ, ಖರೇ ಹೇಳ್ರಿ. ಪಂಚಮಿ ಶೇಂಗಾ ಉಂಡಿ ಕೊಟ್ರೇನು ಅಕೀಗೆ?"

"ಏನಂದಿ? ಉಂಡಿ ಕಟ್ಟಿದ ಕೈ ತೊಳಕೊಂಡ ಅಕೀನ ಮುಟ್ಟತೇನಿ ನಾ. ನಿನ್ನ ತಕ್ಕಡ್ಯಾಗ ನನ್ನೂ ತೂಗಬ್ಯಾಡ."

"ಮತ್ತ ಹ್ಯಾಂಗ ಏರ್ತು? ಗಾಳಿಲೆ ಬಂತೇನು?"

"ಆಯಿಗೆ ಬೈಬ್ಯಾಡ ಮಮ್ಮಿ." ಅರ್ಧ ತುಂಬಿದ ಬ್ಯಾಗು ಹಿಡಿದು ಶರಣ್ಯಾ ಬಾಗಿಲಲ್ಲಿದ್ದಳು. "ಆಯಿ ಶ್ರಾವಣ ಸೋಮವಾರದ ಉಪವಾಸ ಹಿಡದಿದ್ಲು, ನಾನೂ ಹಿಡದೆ. ಮರುದಿನಾ ಬೆರಳು ಚುಚ್ಚೂತನಾ ಏನೂ ತಿಂದಿಲ್ಲ. ತಿನ್ನಲಿಲ್ಲಂದ್ರ ಇಳೀತದ ಅಂತ..."

"ಡಬ್ಬಿ? ಪೌಡರು?"

"ಎಲ್ಲಾ ಚೆಲ್ಲಿದೆ."

"ಸಂಜಿಗೆ ಉಂಡಿರ್ತಾಳ ಅನಕೊಂಡೆ ನಾ," ಎಂದರು ಸಾವಂತ್ರವ್ವ, ಸಣ್ಣ ದನಿಯಲ್ಲಿ.

ರಂಜನಾ ಸ್ಟೂಲಿನ ಮೇಲೆ ಕುಳಿತಳು. ಜ್ವರ ಬಂದಾಗಲೂ ಊಟ ಬಿಡಬೇಡ ಎಂದು ಮಗಳಿಗೆ ಎಷ್ಟೋ ಸಲ ಹೇಳಿದ್ದಳು. ಯಾಕೆಂದು ಹೇಳಿರಲಿಲ್ಲ.

"ಹೊಟ್ಟಿಗೆ ಹಾಕಲಿಲ್ಲಂದ್ರ ದೇಹ ತನ್ನ ಮಾಂಸಾನ ಕರಗಿಸ್ತದ. ಅದರಾಗೂ ಪ್ರೋಟೀನು ಇರ್ತದಲ್ಲ? ಅದಕ್ಕ ಏರೇದ."

"ಅಂದ್ರ ನನ್ನ ನಾನ ತಿಂದೆ?"

"ಅಯ್ಯ ಶಿವನ!" ಸಾವಂತ್ರವ್ವ ಸೌಟು ಕೆಳಗಿಟ್ಟರು. "ಶ್ರಾವಣದಾಗ ಮಾಂಸಾ ತಿಂದಂಗಾತಲ್ಲ! ಉಪವಾಸಾನೂ ಕೆಟ್ಟಿತು!"

ಶರಣ್ಯಾ ಕಿಸಕ್ಕನೆ ನಕ್ಕಳು. ರಂಜನಾಗೆ ನಗು ಬರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದಳು. ಉಣ್ಣಿಸಿ, ಪೌಡರು ತಪ್ಪಿಸಬೇಡಿ, ಮುಂದಿನ ವಾರ ಇನ್ನೊಂದು ಕಾರ್ಡು ಕಳಿಸಿ, ಎಂದರು ಅವರು. ಶಿಬಿರದ ಬಸ್ಸು ನಾಳೆಯೇ ಹೊರಡುವುದಿತ್ತು. ಅಷ್ಟರಲ್ಲಿ ಯಾವ ಅಂಕಿಯೂ ಬರುವುದಿಲ್ಲ. ಮತ್ತೆ ಬಾಲ್ಕನಿಗೆ ಹೋದಳು, ಬಂದಳು, ಮತ್ತೆ ಹೋದಳು. ಶರಣ್ಯಾ ಬ್ಯಾಗಿನಿಂದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದ್ದಳು.

ರಂಜನಾ ಅಡುಗೆ ಕಟ್ಟೆಯ ಮೇಲಿದ್ದ ತಕ್ಕಡಿಯನ್ನು ಟವೆಲ್ಲಿನಲ್ಲಿ ಸುತ್ತಿ ಆ ಬ್ಯಾಗಿನೊಳಗಿಟ್ಟಳು.

"ಶಿಬಿರದಾಗ ನೀನ ತೂಗಕೋ. ಕಡಿಮಿ ತಿಂದ್ರೂ ನನಗ ಫೋನ್ ಮಾಡಬೇಕು, ಹೆಚ್ಚು ತಿಂದ್ರೂ."

ಒಲೆಯ ಕಡೆಯಿಂದ ಸೀದ ವಾಸನೆ ಬಂತು.

"ನಿಮ್ಮ ಜಗಳದಾಗ ನನ್ನ ಶೇಂಗಾ ಹತ್ತಿದ್ವು," ಎಂದರು ಸಾವಂತ್ರವ್ವ.

"ನಾ ಹುರೀತೇನಿ, ತರ್ರಿ," ಎಂದು ರಂಜನಾ ಅವರ ಕೈಯಿಂದ ಬಾಣಲೆ ತೆಗೆದುಕೊಂಡಳು.