ಬೀರೋಬಾ ಕಳಿಸಿದ ಆಸಾಮಿ

ಕುರಿಗಳಿಗೆ ತಪ್ಪಲು-ಸೊಪ್ಪು ಕಡಿಯಲು ಬೇವಿನ ಮರ ಹತ್ತಿದ್ದ ಬೀರಣ್ಣ ಟೊಂಗೆಯ ಸಮೇತ ಬಿದ್ದು ಸೊಂಟ ಮುರಿದುಕೊಂಡ. ಸೋಲಾಪುರದ ದವಾಖಾನೆಯಲ್ಲಿ ಆಪರೇಷನ್ ಆಯಿತು. ಹೆಂಡತಿ ಜನಾಬಾಯಿ ಅವನ ಪಕ್ಕದಲ್ಲೇ ಕೂತಳು. ಇತ್ತ ನಾಗಣಸೂರಿನ ದೊಡ್ಡಿಯಲ್ಲಿ ಕುರಿಗಳನ್ನು ಮೇಯಿಸುವವರಿಲ್ಲ. “ಬೀರೋಬಾ, ಯಾರನ್ನರೆ ಕಳಸಪ್ಪಾ” ಎಂದು ಅವಳು ಮನೆದೇವರನ್ನು ಒಂದೇ ಸಮನೆ ಬೇಡಿಕೊಂಡಳು.

ಬಂದವನು ಧನರಾಜ.

ಬೀರಣ್ಣನ ಚಿಕ್ಕಪ್ಪನ ಮಗ. ಹೊಲದ ಬದುವಿನ ಸಲುವಾಗಿ ಕೈಕೈ ಮಿಲಾಯಿಸಿದ ಮೇಲೆ ಎರಡು ಮನೆಗಳ ನಡುವೆ ಮಾತೇ ಇರಲಿಲ್ಲ. ವಾರ್ಡಿನ ಬಾಗಿಲಲ್ಲೇ ನಿಂತು, “ವೈನಿ, ಕುರಿ ನಾ ಕಾಯ್ತೀನಿ” ಎಂದು ಅತ್ತಿಗೆಗೆ ಅಷ್ಟೇ ಹೇಳಿ ಹೊರಟುಹೋದ.

“ಬೀರೋಬಾನೇ ಕಳಿಸ್ಯಾನ” ಎಂದ ಬೀರಣ್ಣ.

“ಅಂವಗ ಬ್ಯಾರೆ ಮನಶ್ಯಾ ಸಿಗಲಿಲ್ಲೇನ್ರಿ? ಬೆಕ್ಕಿನ ಮುಂದ ಹಾಲಿಟ್ಟಂಗ ಆತು.”

ಅವಳಿಗೆ ಅನ್ನ ರುಚಿಸಲಿಲ್ಲ. ಧನರಾಜನ ಮೊಬೈಲು ಹತ್ತಲಿಲ್ಲ. ನೆರೆಮನೆಯ ಸೋಮವ್ವ ಫೋನಿನಲ್ಲಿ, “ದೊಡ್ಡಿ ಖಾಲಿ ಅದವ್ವ. ಅಕ್ಕಲಕೋಟ ಕಡಿ ಹೊಡ್ಕೊಂಡು ಹೋಗ್ಯಾನ” ಎಂದಳು. ಅಕ್ಕಲಕೋಟದಲ್ಲಿ ಸಂತೆ. ಸಂತೆಯಲ್ಲಿ ಕಟುಕರು. ಜನಾಬಾಯಿ ಬೀರಣ್ಣನಿಗೆ ಏನೂ ಹೇಳದೆ, ಮಗಳು ಪ್ರಣಿತಾಳನ್ನು ಅವನ ಹತ್ತಿರ ಕೂಡಿಸಿ ಬಸ್ಸು ಹತ್ತಿದಳು.

ಅಕ್ಕಲಕೋಟ ದಾಟಿ ನಾಗಣಸೂರ ರಸ್ತೆಯಲ್ಲಿ, ತೊಗರಿ ಕೊಯ್ದ ಹೊಲದಲ್ಲಿ ಅವಳ ಹಿಂಡು ಮೇಯುತ್ತಿರುವುದು ಕಂಡಿತು. ಬದಿಗೆ ಒಂದು ಟೆಂಪೋ. ಧನರಾಜ ಗಬ್ಬದ ಕರಿ ಕುರಿಯನ್ನು ಎತ್ತಿ ಅದರೊಳಗೆ ಹಾಕುತ್ತಿದ್ದ.

“ಎಲ್ಲಿ ಮಾರಾಕ ಒಯ್ಯಾಕತ್ತೀದಿ?” ಎಂದು ಚೀರುತ್ತ ಓಡಿದಳು.

“ಮಾರಾಕಲ್ಲ. ಮರಿ ಅಡ್ಡ ಸಿಕ್ಕೊಂಡದ. ಡಾಕ್ಟರ್ ಕಡಿ ನಡದೀನಿ.”

“ಸುಳ್ಳ!”

“ಹಂಗಿದ್ರ ನೀನೂ ಹತ್ತು ವೈನಿ. ಹೊತ್ತಾದ್ರ ಎರಡೂ ಸಾಯ್ತಾವು.”

ಹಿಂಡನ್ನು ಜೊತೆಗೆ ಬಂದಿದ್ದ ತನ್ನ ಹೆಂಡತಿ ಮನೀಷಾಳಿಗೆ ಒಪ್ಪಿಸಿ ಅವನು ಹತ್ತಿದ. ಜನಾಬಾಯಿಯೂ ಹತ್ತಿದಳು. ದಾರಿಯುದ್ದಕ್ಕೂ ಅವಳ ಕಣ್ಣು ಅವನ ಮೇಲೇ ಇತ್ತು. ಟೆಂಪೋ ಸಂತೆಯ ತಿರುವಿಗೆ ಬಂದಾಗ ಅವಳು ಸರಳನ್ನು ಬಿಗಿಯಾಗಿ ಹಿಡಿದಳು. ಅದು ತಿರುಗದೆ ನೆಟ್ಟಗೆ ಹೋಗಿ ದನದ ದವಾಖಾನೆಯ ಮುಂದೆ ನಿಂತಿತು.

ಡಾಕ್ಟರು ಬಹಳ ಹೊತ್ತು ಹೆಣಗಾಡಿ ಮರಿಯನ್ನು ಎಳೆದರು. ಅದಕ್ಕೆ ಉಸಿರಿರಲಿಲ್ಲ. ಧನರಾಜ ಅದರ ಮೂಗಿನ ಲೋಳೆ ಒರೆಸಿ, ಹಿಂಗಾಲು ಹಿಡಿದು ಜಾಡಿಸಿದ. ಮರಿ ಕೆಮ್ಮಿತು. ತಾಯಿ ನೆಕ್ಕತೊಡಗಿತು.

“ಯಾರ ಕುರಿ?” ಡಾಕ್ಟರು ಕೇಳಿದರು.

“ಅಣ್ಣಂದು” ಎಂದ ಧನರಾಜ.

ಹೊರಗೆ ಬಂದ ಮೇಲೆ ಜನಾಬಾಯಿ ಕೇಳಿದಳು: “ಜಗಳ ಮರತಿಯೇನು?”

“ಎಲ್ಲಿ ಮರೀಲಿ? ಸಿಟ್ಟು ಇನ್ನೂ ಅದ. ಆದ್ರ ಹಸದ ಕುರಿ ಒದರೂದು ನಮ್ಮ ಮನಿತನಕ ಕೇಳಸ್ತಿತ್ತು. ಅವೇನು ಮಾಡ್ಯಾವು?”

ಯಾರನ್ನಾದರೂ ಕಳಿಸೆಂದು ದೇವರನ್ನು ಬೇಡಿದವಳು ತಾನೇ, ಬಂದವನನ್ನು ಕಳ್ಳನೆಂದವಳೂ ತಾನೇ. ಜನಾಬಾಯಿಗೆ ನಾಚಿಕೆಯಾಯಿತು. ದಾರಿಯಲ್ಲಿ ತಿನ್ನಲೆಂದು ಕಟ್ಟಿಕೊಂಡಿದ್ದ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟು, “ಮನೀಷಾಗೂ ಕೊಡಪ್ಪ” ಎಂದಳು.

ಸಂಜೆ ಸೋಲಾಪುರಕ್ಕೆ ಮರಳಿದಾಗ ಬೀರಣ್ಣ ತಲೆಯೆತ್ತಿ ನೋಡಿದ. “ಕುರಿ ಹೆಂಗದಾವು?”

“ಛಲೋ ಅದಾವ್ರಿ. ಧನರಾಜ ಅದಾನಲ್ಲ” ಎಂದಳು ಜನಾಬಾಯಿ.